ಮೇಟಿ ಸುತ್ತೋ ಬಂಡೆ

ಮಹದೇವಪುರದ ಬಸ್ಸಲ್ಲಿ ಪಕ್ಕದ ಹುಡುಗಿ ತನ್ನಷ್ಟಕ್ಕೇ ಗೊಣಗ್ತಿದ್ದಳು. "ಏನವ್ವಾ?" ಅಂದೆ.

"ಸ್ಕೂಲ್ ಮಕ್ಕಳಿಗೆ ಪಾಠ ಹೇಳ್ಬೇಕು ಅಜ್ಜಿ. ಗುರುಗ್ರಹ ಸೂರ್ಯನ್ನ ಸುತ್ತೋ ದಾರೀಲೇ ದೊಡ್ಡ ಬಂಡೆಯೊಂದು ಮುಂದೆ ಮುಂದೆ ಸುತ್ತುತ್ತೆ, ಡಿಕ್ಕೀನೇ ಆಗಲ್ಲ. ಹೇಗೆ ಹೇಳೋದು? ಹೋದ ಸಲ ಎಲ್ಲ ಆಕಳಿಸಿಬಿಟ್ರು."

ನಾನು ನಕ್ಕೆ. "ರಾಗಿ ಕಣದ ನಡುವೆ ಮೇಟಿ ಕಂಬ ನೆಡ್ತಿದ್ವಿ. ತೆನೆ ಒಕ್ಕೋ ಕಲ್ಲುಗುಂಡು ಎಳೆಯೋ ಎತ್ತು ಅದನ್ನ ಸುತ್ತೋದು. ಅದೇ ದಾರೀಲಿ, ಅದೇ ನಡಿಗೇಲಿ ಕರು ಮುಂದೆ ಹೋಗೋದು. ಒಂದಿನಾನೂ ಗುದ್ದಲಿಲ್ಲ. ಸೂರ್ಯನೇ ಮೇಟಿ ಅನ್ನು."

ಬಸ್ ಇಳಿದಾಗ ಅವಳು ನನ್ನನ್ನೂ ಸ್ಕೂಲಿಗೆ ಎಳ್ಕೊಂಡು ಹೋದಳು. ನೋಡಿದ್ರೆ, ಸ್ಕೂಲಿರೋದು ನಮ್ಮ ಹಳೇ ಕಣದಲ್ಲೇ! ನಾನು ಮೇಟಿಯಾಗಿ ನಿಂತೆ. ಇಬ್ಬರು ಮಕ್ಕಳು ಎತ್ತು, ಕರುವಾಗಿ ಸುತ್ತಿದ್ರು. ಯಾರೂ ಆಕಳಿಸಲಿಲ್ಲ.

ಒಂದು ಮಗು ಮಾತ್ರ ಕೇಳ್ತು, "ಅಜ್ಜಿ, ಅಲ್ಲಿ ಮೇಲೆ ಸಗಣಿ ಯಾರು ಎತ್ತುತ್ತಾರೆ?"

ಅದನ್ನ ಓದಿದವರೇ ಹೇಳಲಿ ಅಂತ ಅವರ ಟೀಚರ್ ಕಡೆ ಕೈ ತೋರಿಸಿದೆ.