ಅಪ್ಪ ಮೆಚ್ಚಿದ ಮೇಡಂ

ಗ್ಯಾಸ್ ಸಿಲಿಂಡರ್ ಬರಲಿಲ್ಲವೆಂದು ದೂರು ಕೊಡಲು ಈಗಷ್ಟೇ ಫೋನ್ ಮಾಡಿದೆ. ಒತ್ತಬೇಕಾದ ಗುಂಡಿಗಳನ್ನೆಲ್ಲ ಒತ್ತಿಯಾದ ಮೇಲೆ ಒಬ್ಬ ಹುಡುಗಿ ಬಂದಳು. ಬೈಯಲೆಂದೇ ನಾನು ಹಿಂದಿಯಲ್ಲಿ ನಾಲ್ಕು ಮಾತು ಜೋಡಿಸಿಟ್ಟುಕೊಂಡಿದ್ದೆ. ಆದರೆ ಅವಳ ದನಿ ಕೇಳಿದ್ದೇ ಅದೆಲ್ಲ ಮರೆತುಹೋಯಿತು. ಏರಿಳಿತವಿಲ್ಲ, ಅವಸರವಿಲ್ಲ. ಇದು ಹುಟ್ಟಿನಿಂದ ಬಂದ ದನಿಯಲ್ಲ, ಕೂರಿಸಿ ಕಲಿಸಿದ ದನಿ ಎಂದು ನನಗೆ ಕೂಡಲೇ ಗೊತ್ತಾಯಿತು. “ದಯವಿಟ್ಟು ಲೈನಿನಲ್ಲೇ ಇರಿ” ಎಂದು ಹೇಳಿ ಹುಡುಗಿ ಎಲ್ಲಿಗೋ ಹೋದಳು. ಅವಳು ಬರುವವರೆಗೆ ನಿಮ್ಮ ಹತ್ತಿರ ಸ್ವಲ್ಪ ಮಾತಾಡುತ್ತೇನೆ.

ಯಾಕೆಂದರೆ ಸುಮ್ಮನೆ ಕಾಯುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಹಾಲು ಉಕ್ಕುವ ಮೊದಲೇ ಒಲೆ ಆರಿಸುವವಳು ನಾನು. ಲೋಕಲ್ ರೈಲು ನಿಲ್ಲುವ ಮೊದಲೇ ಬಾಗಿಲಲ್ಲಿ ನಿಂತಿರುತ್ತೇನೆ. ಕೂತರೆ ಬಲಗಾಲು ತನ್ನಷ್ಟಕ್ಕೆ ಅಲ್ಲಾಡುತ್ತದೆ. ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಎಂದು ಅಜ್ಜಿ ಗದರುತ್ತಿದ್ದಳು. ತಿಪಟೂರಿನ ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಮಾತ್ರ, “ಬಿಡಮ್ಮ, ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾಳೆ” ಅನ್ನುತ್ತಿದ್ದರು. ಅದು ಮುದ್ದಿನ ಮಾತೋ ಬೇಸರದ ಮಾತೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮುಂಬಯಿಯ ಗೋರೆಗಾಂವಿನಲ್ಲಿ, ಸಾಲುಕೋಣೆಗಳ ಚಾಳೊಂದರಲ್ಲಿ ಅಣ್ಣನ ಸಂಸಾರವಿತ್ತು. ನಾನು ಅಲ್ಲಿಗೆ ಬಂದು, ಗ್ರಾಂಟ್ ರೋಡಿನಲ್ಲಿದ್ದ ಒಂದು ಔಷಧಿ ಕಂಪನಿಯ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸೇರಿದ್ದೆ. ಸೇರಿದ್ದೆ ಅನ್ನುವುದು ದೊಡ್ಡ ಮಾತಾಯಿತು. ಮೂರು ತಿಂಗಳು ಕಲಿಯಬೇಕು, ಆಮೇಲೆ ಪರೀಕ್ಷೆ, ಪಾಸಾದರೆ ಖಾಯಂ. ಇಲ್ಲವಾದರೆ ತಿಪಟೂರಿನ ಗಾಡಿ. ಅಲ್ಲಿ ಅಪ್ಪ ಅರಸೀಕೆರೆಯ ಒಂದು ಸಂಬಂಧವನ್ನು ಗೊತ್ತುಮಾಡಿಕೊಂಡು ಕೂತಿದ್ದರು. ಹುಡುಗನ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಆದರೆ ಅಷ್ಟರಲ್ಲಿ ಮುಂಬಯಿಯ ರುಚಿ ಹತ್ತಿತ್ತು. ಊರಿಗೆ ಊರೇ ನನ್ನ ಹಾಗೆ ಓಡುವುದನ್ನು ಮೊದಲ ಸಲ ನೋಡಿದ್ದೆ.

ನನಗೆ ಕಲಿಸಿದವರು ಸೆವ್ರಿನ್ ಬಾಯಿ. ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಹೆಂಗಸು, ಆ ಆಫೀಸಿನ ಹಿರಿಯ ಆಪರೇಟರು. ಮುಖ ಗಡಸು, ಮೊಣಕಾಲ ಕೆಳಗಿನವರೆಗೆ ಫ್ರಾಕು, ಕಾಲಲ್ಲಿ ದಪ್ಪ ಹಿಮ್ಮಡಿಯ ಕರಿ ಶೂ. ಅವರ ಮುಂದೆ ಗೋಡೆಯ ಹಾಗೆ ನಿಂತ ಬೋರ್ಡು. ಅದರ ತುಂಬ ತೂತುಗಳು, ಪುಟ್ಟ ದೀಪಗಳು. ದೀಪ ಹತ್ತಿದರೆ ಯಾರೋ ಕರೆಯುತ್ತಿದ್ದಾರೆ ಎಂದರ್ಥ. ತಂತಿಯ ತುದಿಯನ್ನು ಆ ತೂತಿಗೆ ಚುಚ್ಚಿ ಮಾತಾಡಿಸಿ, ಬೇಕಾದವರ ತೂತಿಗೆ ಇನ್ನೊಂದು ತುದಿ ಚುಚ್ಚಬೇಕು. ಕೈಕೆಲಸ ನನಗೆ ಬೇಗ ಬಂತು. ಬಾರದ್ದು ಮಾತು.

“ನಿನ್ನದು ಎಂತ ಮಾತು ಮಾರಾಯ್ತಿ, ರೈಲು ತಪ್ಪಿದವರ ಹಾಗೆ? ನಾವು ಇಲ್ಲಿ ಓಡ್ತಾ ಇರುದು ಆಚೆಯವನಿಗೆ ಗೊತ್ತಾಗ್ಲಿಕ್ಕೇ ಬಾರದು,” ಅನ್ನುತ್ತಿದ್ದರು ಬಾಯಿ.

ಅವರು ಕಲಿಸುವ ರೀತಿ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಬೋರ್ಡಿನ ಕೆಳಗೆ ನನ್ನ ಕಾಲು ಅಲ್ಲಾಡಲು ಶುರುವಾದ ಕೂಡಲೇ ತಮ್ಮ ಶೂ ಕಾಲನ್ನು ತಂದು ಅದರ ಮೇಲೆ ಇಡುತ್ತಿದ್ದರು. ಮೇಲೆ ನಾನು “ಗುಡ್ ಮಾರ್ನಿಂಗ್, ಹೋಲ್ಡ್ ಆನ್ ಪ್ಲೀಸ್” ಎಂದು ಜೇನು ಸುರಿಸಬೇಕು, ಕೆಳಗೆ ಹೆಬ್ಬೆರಳು ಹಪ್ಪಳವಾಗುತ್ತಿರಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ತುಳಿದರೆ ಹೋದೀತೆ? ವಾರಗಳು ಕಳೆದ ಹಾಗೆ ದನಿಯ ಓಟ ನಿಂತಿತು, ಕಾಲಿನದು ನಿಲ್ಲಲಿಲ್ಲ. ಕೊನೆಗೆ ಬಾಯಿಯೇ ಸೋತು ಶೂ ಕಾಲನ್ನು ಹಿಂದಕ್ಕೆ ತೆಗೆದರು. “ಕಂಪನಿಗೆ ಬೇಕಾದ್ದು ನಿನ್ನ ಗಂಟಲು ಮಾತ್ರ. ಕಾಲು ನಿನ್ನದೇ ಇರ್ಲಿ,” ಅಂದರು.

ಕೆಲಸ ಕಲಿಸುವುದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದು ಆಗ ಆ ಆಫೀಸಿನಲ್ಲಿ ದಿನಾ ನಡೆಯುತ್ತಿದ್ದ ಚರ್ಚೆ. ಕಲಿಸಿದ ಹುಡುಗಿಯರೆಲ್ಲ ವಿಮಾನದ ಕಂಪನಿಗಳಿಗೆ ಹಾರಿಹೋಗುತ್ತಾರೆ, ಖರ್ಚು ನಮ್ಮದು ಕಂಠ ಅವರದು ಎಂದು ಮ್ಯಾನೇಜರ್ ಸಾಹೇಬರ ಗೋಳು. ಕಲಿಸದೆ ಕೂರಿಸಿದರೆ ಗಿರಾಕಿಗಳೇ ಹಾರಿಹೋಗುತ್ತಾರೆ ಎಂದು ಬಾಯಿಯ ಉತ್ತರ. ನಮ್ಮ ನಷ್ಟವನ್ನು ಯಾರೂ ಕೇಳಲಿಲ್ಲ. ಬೋರ್ಡಿಗೆ ಕೂತ ಎಲ್ಲರ ದನಿಯೂ ಒಂದೇ ಆಗಿಬಿಡುತ್ತಿತ್ತು. ಜೊತೆಯ ಆಪರೇಟರ್ ಒಬ್ಬಳ ಗಂಡ ಒಂದು ದಿನ ಅವಳೆಂದುಕೊಂಡು ನನ್ನ ಹತ್ತಿರ ಬೊಂಬಿಲ್ ಮೀನು ತರಲೋ ಬೇಡವೋ ಎಂದು ಕೇಳಿದ. ನಾನು ತಿಪಟೂರಿನ ಬ್ರಾಹ್ಮಣರ ಹುಡುಗಿ. “ಒನ್ ಮೊಮೆಂಟ್ ಪ್ಲೀಸ್” ಅಂದೆ, ಮತ್ತೇನು ಅನ್ನಲಿ.

ಪರೀಕ್ಷೆಯ ದಿನ ಬಂತು. ಸಾಹೇಬರು ನನ್ನ ಕುರ್ಚಿಯ ಹಿಂದೆಯೇ ಕೈಕಟ್ಟಿ ನಿಂತರು. ಕಲಿಯುವವರು ಬೋರ್ಡಿನಲ್ಲಿ ಸ್ವಂತ ಮನೆಯ ವಿಷಯ ಮಾತಾಡಿದರೆ ಅವತ್ತೇ ಮನೆಗೆ ಎಂಬುದು ಅವರ ಕಾನೂನು. ಒಂದೊಂದೇ ದೀಪ ಹತ್ತಿತು, ಒಂದೊಂದನ್ನೇ ದಾಟಿದೆ. ಆಮೇಲೆ ಟ್ರಂಕ್ ಕಾಲ್ ಬಂತು. ಗರಗರ ಸದ್ದಿನ ನಡುವೆ ಒಂದು ಗಂಡಸಿನ ದನಿ, ಬರೆದಿಟ್ಟುಕೊಂಡು ಓದುವಂತೆ: “ಗುಡ್ ಮಾರ್ನಿಂಗ್ ಮೇಡಂ. ಐ ಆಮ್ ಸ್ಪೀಕಿಂಗ್ ಫ್ರಂ ತಿಪಟೂರ್.”

ಅಪ್ಪ. ಪೋಸ್ಟಾಫೀಸಿನಿಂದ ಮಾತಾಡುತ್ತಿದ್ದರು. ನನ್ನನ್ನೇ ಮೇಡಂ ಅನ್ನುತ್ತಿದ್ದರು. ನನ್ನ ಮಗಳು ನಿಮ್ಮಲ್ಲಿ ಕೆಲಸ ಕಲಿಯುತ್ತಿದ್ದಾಳೆ, ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಬೇಕು, ಅವಳನ್ನು ಕರೆಯಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡರು. ಅಪ್ಪ ಅಷ್ಟು ತಗ್ಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೆನ್ನ ಹಿಂದೆ ಸಾಹೇಬರ ಉಸಿರು. ಬೋರ್ಡಿನ ಕೆಳಗೆ ಕಾಲು ಹೊಲಿಗೆ ಮಿಶಿನ್ನಿನಂತೆ ಓಡುತ್ತಿತ್ತು.

“ಸರ್ಟನ್ಲಿ ಸರ್. ಹೋಲ್ಡ್ ಆನ್ ಪ್ಲೀಸ್,” ಅಂದೆ. ದನಿಯಲ್ಲಿ ಒಂದು ಕೂದಲೆಳೆಯಷ್ಟೂ ನಡುಕವಿರಲಿಲ್ಲ.

ಪಕ್ಕದಲ್ಲಿ ಇನ್ನೊಂದು ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ಬಾಯಿಯ ಕಿವಿಗೂ ತಿಪಟೂರು ಎಂದು ಬಿದ್ದಿರಬೇಕು. “ಸರ್, ಇವಳ ಚಾ ಟೈಮ್ ಆಯ್ತು,” ಎಂದು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿ ನನ್ನ ತಲೆಯಿಂದ ಹೆಡ್‌ಫೋನ್ ಕಿತ್ತುಕೊಂಡು, ಲೈನನ್ನು ಮೂಲೆಯ ಟೇಬಲಿನ ಫೋನಿಗೆ ಚುಚ್ಚಿ, ಅತ್ತ ಗದ್ದದಿಂದಲೇ ಸನ್ನೆ ಮಾಡಿದರು. ನಾನು ಓಡಿದೆ.

“ಅಪ್ಪಾ,” ಅಂದೆ. ಈಗ ಅದು ನನ್ನದೇ ದನಿ, ಮುಗ್ಗರಿಸುವ ದನಿ.

“ಏನಮ್ಮ, ಓಡಿ ಬಂದ್ಯಾ? ಏದುಸಿರು ಬಿಡ್ತಿದೀಯ. ಅರಸೀಕೆರೆಯವರು ನೋಡೋಕೆ ಬರ್ತಾರಂತೆ. ಅಣ್ಣನಿಗೆ ಹೇಳಿ ಟಿಕೆಟ್ ತಗೊಂಡು ಹೊರಟುಬಿಡು. ಹೇಗೂ ಕೆಲಸ ಖಾಯಂ ಆಗಿಲ್ವಲ್ಲ...” ಎಂದು ಶುರುಮಾಡಿದವರು ನಡುವೆ ನಿಂತರು. “ಅದ್ಸರಿ, ಮೊದಲು ಮಾತಾಡಿದ್ರಲ್ಲ ಒಬ್ಬ ಮೇಡಂ, ಯಾರಮ್ಮ ಅವರು?”

ಸಾಹೇಬರು ಇತ್ತಲೇ ನೋಡುತ್ತಿದ್ದರು. “ಇಲ್ಲಿಯವರೇ ಅಪ್ಪ,” ಅಂದೆ.

“ಎಂಥಾ ಮಾತು! ಎಷ್ಟು ಸಮಾಧಾನ! ನನ್ನಂಥೋನಿಗೂ ಸರ್ ಅಂದ್ರು. ಅವರ ಹತ್ತಿರವೇ ಕಲೀತಿದೀಯಾ?”

“ಹೂಂ.”

ಆಮೇಲೆ ಅಪ್ಪ ಹೇಳಿದರು, “ಹಾಗಾದ್ರೆ ಈಗ ಬರಬೇಡ. ಅರಸೀಕೆರೆಯವರಿಗೆ ನಾನು ಏನಾದ್ರೂ ಹೇಳ್ಕೋತೀನಿ. ಅವರು ಮಾತಾಡೋದರಲ್ಲಿ ಅರ್ಧ ಕಲಿತರೂ ನೀನು ಬದುಕ್ಕೋತೀಯ.”

ಹೀಗೆ ನಾನು ಮುಂಬಯಿಯಲ್ಲಿ ಉಳಿದೆ. ಖಾಯಂ ಆಯಿತು. ಅಪ್ಪನ ಪ್ರತಿ ಕಾಗದದ ಕೊನೆಯಲ್ಲಿ “ಮೇಡಂ ಅವರಿಗೆ ನನ್ನ ನಮಸ್ಕಾರ” ಇದ್ದೇ ಇರುತ್ತಿತ್ತು. ನಿಜ ಹೇಳಿದರೆ ಎಲ್ಲಿ ಊರಿಗೆ ಕರೆಸಿಕೊಳ್ಳುತ್ತಾರೋ ಎಂದು ನಾನೂ ತಿದ್ದಲು ಹೋಗಲಿಲ್ಲ. ಕೆಲವು ವರ್ಷಗಳ ನಂತರ ಅವರು ಗೋರೆಗಾಂವಿಗೆ ಬಂದಾಗ, ಮೇಡಂ ಅವರನ್ನು ನೋಡಲೇಬೇಕು ಅಂದರು. ಸೆವ್ರಿನ್ ಬಾಯಿಯನ್ನು ಊಟಕ್ಕೆ ಕರೆದೆ. ಬಾಯಿಗೆ ಸುತ್ತುಬಳಸು ಗೊತ್ತಿಲ್ಲ. ಕೈತೊಳೆದು ಕೂತವರೇ, “ಅವತ್ತು ನಿಮ್ಮ ಹತ್ರ ಮಾತಾಡಿದ್ದು ನಾನಲ್ಲ, ಇವಳೇ ಅಲ್ವಾ,” ಅಂದುಬಿಟ್ಟರು.

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ನನ್ನ ಕಾಲು ನೋಡಿದರು. ಅದು ಅಲ್ಲಾಡುತ್ತಿತ್ತು. “ಇವಳಾ?” ಎಂದು ನಕ್ಕರು. “ತಮಾಷೆ ಮಾಡ್ಬೇಡಿ. ಆ ಹೆಣ್ಣುಮಗಳಿಗೆ ಎಳ್ಳಷ್ಟೂ ಅವಸರ ಇರಲಿಲ್ಲ.”

ತೋರಿಸಿಬಿಡೋಣವೆಂದು ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. “ಗುಡ್ ಮಾರ್ನಿಂಗ್ ಸರ್,” ಅಂದೆ. ಕಿವಿಯಲ್ಲಿ ಹೆಡ್‌ಫೋನಿಲ್ಲ, ಎದುರಿಗೆ ಅಪ್ಪ, ತಟ್ಟೆಯಲ್ಲಿ ಹುಳಿಯನ್ನ. ಹೊರಬಿದ್ದದ್ದು ತಿಪಟೂರಿನ ಹುಡುಗಿಯ ಗಡಿಬಿಡಿಯ ದನಿ. ಅಪ್ಪ ಮತ್ತೂ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಬಹಳ ನೋವಾಯಿತು. ನನ್ನಲ್ಲಿ ಅವರು ಮನಸಾರೆ ಮೆಚ್ಚಿದ್ದು ಅದೊಂದನ್ನೇ, ಅದು ನನ್ನದೆಂದು ನಂಬದೆಯೇ ಅವರು ತೀರಿಹೋದರು. ಕೊನೆಯ ಕಾಗದದಲ್ಲೂ ಮೇಡಂಗೆ ನಮಸ್ಕಾರವಿತ್ತು.

ಹಾಂ, ಹುಡುಗಿ ಬಂದಳು. ಸಿಲಿಂಡರ್ ನಾಳೆ ಬರುತ್ತದಂತೆ, ಕಾಯಿಸಿದ್ದಕ್ಕೆ ಕ್ಷಮೆಯಿರಲಂತೆ. ಅದೇ ದನಿ. ಆದರೆ ನಾನು ಈ ಸಲ ಕಿವಿಗೊಟ್ಟು ಕೇಳಿದೆ. ಆ ದನಿಯ ಹಿಂದೆ ಕುರ್ಚಿಯೊಂದು ಕಿರ್ ಕಿರ್ ಎನ್ನುತ್ತಿತ್ತು, ಬಿಡದೆ, ಯಾರೋ ಕಾಲು ಅಲ್ಲಾಡಿಸುತ್ತಿರುವಂತೆ.

“ಬೇಟಾ,” ಅಂದೆ, ಅವಳ ಮಾತು ಮೆಚ್ಚಿ, “ತುಮ್ ಬಹುತ್ ಅಚ್ಛಾ ಬೋಲ್ತೀ ಹೋ.”

ಕುರ್ಚಿಯ ಸದ್ದು ನಿಂತಿತು. “ಮೈಂ?” ನಾನಾ ಎಂಬಂತೆ ಅಂದಳು ಹುಡುಗಿ, ಕಲಿಸದ ದನಿಯಲ್ಲಿ.

“ಹಾಂ, ತುಮ್ ಹೀ,” ಅಂದೆ.