ಮೈಕಣ್ಣನ ಎರಡು ದನಿ

ಬಸ್ ನಿಲ್ದಾಣದಲ್ಲಿ ವರ್ಷಗಟ್ಟಲೆ ಬಸ್ಸು ಬರುವ ಹೋಗುವ ಸುದ್ದಿ ಕೂಗಿದವನಿಗೆ ಊರೇ ಮೈಕಣ್ಣ ಎಂದು ಹೆಸರಿಟ್ಟಿತ್ತು. ಗಂಟಲಿನ ಗಡ್ಡೆ ತೆಗೆಯುವಾಗ ದನಿಪೆಟ್ಟಿಗೆಯೂ ಹೋಯಿತು. ಉಸಿರಾಟ ಕೊರಳಿನ ತೂತಿಗೆ ಬಂತು. ಆಪರೇಷನ್ನಿಗೆ ಮೊದಲೇ ತಂಗಿ ಅವನನ್ನು ಕೂರಿಸಿ, ವಾಕ್ಯದ ಮೇಲೆ ವಾಕ್ಯ ಓದಿಸಿ, ಆ ದನಿಯನ್ನು ಹಿಡಿಸಿ ಅವನ ಲ್ಯಾಪ್‌ಟಾಪಿಗೆ ಹಾಕಿಸಿಟ್ಟಿದ್ದಳು. ಇನ್ನು ಮೇಲೆ ಅವನು ಟೈಪ್ ಮಾಡಬೇಕು, ಯಂತ್ರ ಅದೇ ದನಿಯಲ್ಲಿ ಆಡಬೇಕು.

ಅವಸರವೆಲ್ಲ ಅಮ್ಮನಿಗಾಗಿ. ಕಣ್ಣು ಹೋಗಿ, ಮರೆವೂ ಕವಿದಿದ್ದ ಆಕೆಗೆ ಮಗನೆಂದರೆ ದನಿ. ಈಗ ಕೋಣೆಯಲ್ಲಿ ಬರೀ ಒಂದು ಸೀಟಿಯಂಥ ಉಸಿರು ಸುಳಿದಾಡುತ್ತಿತ್ತು. ಅವನು ನೀರು ಹಿಡಿದರೆ ಆಕೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಟೈಪಿಸಿದ್ದನ್ನು ಓದಿ ಹೇಳುವ ತಂತ್ರಾಂಶದ ಡೌನ್‌ಲೋಡ್ ಪುಟದಲ್ಲಿ ಎರಡು ಬಟನ್: ಎಕ್ಸ್86, ಎಎಂಡಿ64. ಅವನ ಲ್ಯಾಪ್‌ಟಾಪಿನ ಮೇಲೆ ಇಂಟೆಲ್ ಎಂಬ ಚೀಟಿ. ಎರಡನೆಯದು ಬೇರೆ ಕಂಪನಿಯವರದ್ದು ಎಂದುಕೊಂಡು ಮೈಕಣ್ಣ ಮೊದಲನೆಯದನ್ನು ಇಳಿಸಿಕೊಂಡ. ಅದು ಮಾತಾಡಿತು, ಯಾರದೋ ದನಿಯಲ್ಲಿ. ದನಿಗಳ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಅಳಿಸಿ ಮತ್ತೆ ಹಾಕಿದ. 'ಅಮ್ಮಾ' ಎಂದು ಟೈಪಿಸಿದಾಗಲೆಲ್ಲ ಅದೇ ಅಪರಿಚಿತ ಅವನ ಅಮ್ಮನನ್ನು ಕರೆದ. ಆಕೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಗಡ್ಡೆಯ ಜತೆಗೇ ದನಿಯೂ ಹೋಯಿತೆಂದು ಅವನು ಲ್ಯಾಪ್‌ಟಾಪ್ ಮುಚ್ಚಿಟ್ಟ.

ಭಾನುವಾರ ಬಂದ ತಂಗಿ ಪುಟ ನೋಡಿ ಹಣೆ ಚಚ್ಚಿಕೊಂಡಳು. ಎಎಂಡಿ ಅನ್ನುವುದು ಅದನ್ನು ಮೊದಲು ಮಾಡಿದ ಕಂಪನಿಯ ಹೆಸರು, ಹಾಗೇ ಉಳಿದಿದೆ ಅಷ್ಟೆ, ಈಗಿನ ಅರವತ್ನಾಲ್ಕು ಬಿಟ್ಟಿನ ಇಂಟೆಲ್‌ಗೂ ಅದೇ. ಅವನು ಹಾಕಿಕೊಂಡಿದ್ದು ಹಳೆಯ ಮೂವತ್ತೆರಡು ಬಿಟ್ಟಿನದ್ದು, ಅದರ ಕಣ್ಣಿಗೆ ಅರವತ್ನಾಲ್ಕಕ್ಕೆ ಮಾಡಿದ ಈ ದನಿ ಬೀಳುವುದೇ ಇಲ್ಲ ಎಂದಳು.

"ಪಕ್ಕದ್ಮನೆಯವರ ಬೋರ್ಡ್ ಇದೆ ಅಂತ ನಿನ್ನ ಮನೆ ಬಾಗ್ಲನ್ನೇ ತಟ್ಟಿಲ್ವಲ್ಲ ಅಣ್ಣ, ಊರಿಗೆಲ್ಲ ದಾರಿ ಹೇಳ್ದವನು."

ಎರಡನೆಯದನ್ನು ಅವಳೇ ಇಳಿಸಿ ಹಾಕಿದಳು. ಪಟ್ಟಿಯಲ್ಲಿ ಅವನ ಹೆಸರು ಬಂತು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಟೈಪಿಸಿದ.

"ಅಮ್ಮಾ, ಊಟ ಆಯ್ತಾ?"

ನಿಲ್ದಾಣದ ಆ ದುಂಡು ದನಿ ಕೋಣೆ ತುಂಬಿತು. ಮೈಕಣ್ಣ ಬಾಯಿ ತೆರೆದೇ ಇರಲಿಲ್ಲ. ಅಮ್ಮನ ಮುಖ ಅರಳಿತು, ಅವನತ್ತ ಅಲ್ಲ, ಮೇಜಿನತ್ತ.

"ಬಂದ್ಯಾ ಮಗನೇ? ಇಲ್ಲೊಬ್ಬ ಮಾತೇ ಆಡ್ದೆ ಓಡಾಡ್ತಿರ್ತಾನೆ ಕಣೋ. ನಂಗೆ ಭಯ. ಮೊದ್ಲು ಅವನ್ನ ಕಳ್ಸು."

ತಂಗಿ ಏನೋ ಹೇಳಹೊರಟಳು. ಅವನು ಕೈ ಅಡ್ಡ ಹಿಡಿದು, ಟೈಪಿಸಿದ.

"ಕಳಿಸ್ತೀನಿ ಅಮ್ಮಾ."

ಆಮೇಲೆ ಎದ್ದು ಹೋಗಿ ಬಾಗಿಲು ತೆರೆದ, ಅಮ್ಮನಿಗೆ ಕೇಳುವಂತೆ ಮುಚ್ಚಿದ. ಸೀಟಿ ಕೇಳದಂತೆ ಕೊರಳ ತೂತಿಗೆ ಅಂಗೈ ಅಡ್ಡ ಹಿಡಿದು, ಒಳಗೇ ನಿಂತ.