ಮಡಕೆಯ ಮುಖಕ್ಕೊಂದು ಕ್ಷಮೆ

ಗಾಜಿನ ಪೆಟ್ಟಿಗೆಗೆ ನನ್ನ ಶೂ ತಗುಲಿತು. ಒಳಗಿದ್ದದ್ದು ಇಂಕಾಗಳಿಗಿಂತಲೂ ಹಿಂದಿನ ಕಾಲದ, ಪೆರು ದೇಶದ ಒಂದು ಮಡಕೆ. ಅದಕ್ಕೆ ಮನುಷ್ಯನ ಮುಖವಿತ್ತು, ನನ್ನ ಹಾಗೆಯೇ ನಿದ್ದೆಗೆಟ್ಟ ಮುಖ. ಯೋಚಿಸುವ ಮೊದಲೇ ನಾನು ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೆ.

ವಾರವಿಡೀ ಓವರ್‌ಟೈಮ್ ಮಾಡಿ ಸುಸ್ತಾಗಿ, ಎಲ್ಲಾದರೂ ಸುಮ್ಮನೆ ಕೂತರೆ ಸಾಕೆಂದು ಯೋಕೋಹಾಮಾದ ಆ ಮ್ಯೂಸಿಯಮ್ಮಿಗೆ ಹೋಗಿದ್ದೆ.

"ಸುಮಿಮಾಸೆನ್, ಕ್ಷಮಿಸಿ, ಗಾಜು ಮುಟ್ಟಬಾರದು" ಎನ್ನುತ್ತ ಬಾಗಿಲ ಕಡೆ ಮುಖ ಮಾಡಿ ಕಾವಲಿಗೆ ನಿಂತಿದ್ದ ವಯಸ್ಸಾದ ಮಹಿಳೆ ಸದ್ದಿಗೆ ತಿರುಗಿ ಹತ್ತಿರ ಬಂದರು. ಕಾಲು ತಾಗಿದರೆ ನಮ್ಮ ಕಡೆ ಹೀಗೆ ಕ್ಷಮೆ ಕೇಳುತ್ತೇವೆಂದು ಹರಕುಮುರುಕು ಜಪಾನಿಯಲ್ಲಿ ಹೇಳಿದೆ.

ಆಕೆ ಬಟ್ಟೆ ತೆಗೆದು ನನ್ನ ಬೆರಳಿನ ಗುರುತು ಒರೆಸಿದರು. ಆಮೇಲೆ ಮಡಕೆಯ ಮುಖದ ಎದುರು ಸೊಂಟ ಬಾಗಿಸಿ ನಮಸ್ಕರಿಸಿದರು. "ನಾನು ದಿನವಿಡೀ ಇವರಿಗೆ ಬೆನ್ನು ಹಾಕಿಕೊಂಡೇ ನಿಂತಿರ್ತೀನಿ" ಎಂದರು.

ಆ ವಾರ ಆಫೀಸಿನಲ್ಲಿ, ತಪ್ಪಿರಲಿ ಇಲ್ಲದಿರಲಿ, ಎಷ್ಟು ಸಲ ತಲೆ ಬಾಗಿಸಿ ಸುಮಿಮಾಸೆನ್ ಅಂದಿದ್ದೆನೋ ಗೊತ್ತಿಲ್ಲ. ಮನಸಾರೆ ಕ್ಷಮೆ ಕೇಳಿದ್ದು ಆ ಮಡಕೆಯ ಹತ್ತಿರ ಮಾತ್ರ.